ಮೂಳೆ ಹಿಡಿಯುವ ಮೈ, ಕೊಳೆ ಹಿಡಿಯುವ ಮೈ

ಬಿದ್ದುಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ಇಂಪ್ಲಾಂಟಿನ ಬಾಳಿಕೆ ಲೋಹದ ಗಟ್ಟಿತನಕ್ಕಿಂತ ಹೆಚ್ಚಾಗಿ ಅದರ ಹೊರಮೈಯ ಗುಣವನ್ನು ಅವಲಂಬಿಸಿದೆ ಎಂಬ ತಿಳಿವಳಿಕೆಯ ಮೇಲೆಯೇ ಕಳೆದ ನಾಲ್ಕು ದಶಕಗಳ ದಂತ ಇಂಪ್ಲಾಂಟ್ ಉದ್ಯಮ ಬೆಳೆದುಬಂದಿದೆ. ತಯಾರಕರು ಈ ಲೋಹದ ಮೈಯನ್ನು ಗಟ್ಟಿ ಹರಳುಗಳನ್ನು ಎರಚಿ ತರಚಿದ್ದಾರೆ, ಆಮ್ಲದಲ್ಲಿ ಅದ್ದಿ ಕೊರೆದಿದ್ದಾರೆ, ಪ್ಲಾಸ್ಮಾ ಜ್ವಾಲೆಯಿಂದ ಲೇಪ ಹಚ್ಚಿದ್ದಾರೆ, ವಿದ್ಯುತ್ ಹರಿಸಿ ಅದರ ಆಕ್ಸೈಡ್ ಪದರವನ್ನು ದಪ್ಪಗೊಳಿಸಿದ್ದಾರೆ, ಕೊನೆಗೆ ಗಾಳಿ ಸೋಕದಂತೆ ಉಪ್ಪುನೀರಿನಲ್ಲಿ ಮುಳುಗಿಸಿಟ್ಟೂ ಮಾರಿದ್ದಾರೆ. ಇಂಥ ಸಂಸ್ಕರಣೆಗಳಿಂದ ಮೂಳೆಯು ಇಂಪ್ಲಾಂಟನ್ನು ಬೇಗ ಹಿಡಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೇಗ ಹಿಡಿದದ್ದು ಬಹುಕಾಲ ಉಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ದೊರೆತಿರುವ ಉತ್ತರ ಜಾಹೀರಾತುಗಳಲ್ಲಿ ಕಾಣುವಷ್ಟು ಸರಳವಾಗಿಲ್ಲ.

ಜನ ಸಾಮಾನ್ಯವಾಗಿ ಇಂಪ್ಲಾಂಟ್ ಎಂದು ಒಟ್ಟಾಗಿ ಕರೆಯುವುದರಲ್ಲಿ ಮೂರು ಭಾಗಗಳಿವೆ. ಮೂಳೆಯೊಳಗೆ ಕೂರುವ, ಹಲ್ಲಿನ ಬೇರಿನ ಕೆಲಸ ಮಾಡುವ ತಿರುಪು ಮೊದಲನೆಯದು. ಅದರ ಮೇಲೆ ಒಸಡನ್ನು ಹಾದು ಬಾಯಿಯೊಳಕ್ಕೆ ಚಾಚುವ ಅಬಟ್‌ಮೆಂಟ್ ಎಂಬ ಕೊಂಡಿ ಎರಡನೆಯದು. ಎಲ್ಲಕ್ಕೂ ಮೇಲೆ ಕಾಣುವ ಹಲ್ಲಿನಾಕಾರದ ಕ್ಯಾಪ್ ಮೂರನೆಯದು. ಮೈಸಂಸ್ಕರಣೆಯ ಚರ್ಚೆಯೆಲ್ಲ ಬಹುಪಾಲು ಮೊದಲನೆಯ ಭಾಗಕ್ಕೆ, ಅಂದರೆ ಮೂಳೆಯೊಳಗಿನ ತಿರುಪಿಗೆ ಸಂಬಂಧಿಸಿದ್ದು. ಆದರೆ ಮೂಳೆಯೊಳಗೆ ಇರಬೇಕಾದ ಭಾಗ ಮುಂದೊಂದು ದಿನ ಮೂಳೆಯಿಂದ ಹೊರಬಿದ್ದರೆ ಏನಾಗುತ್ತದೆ ಎಂಬ ವಿಚಾರ ಬಹುಕಾಲ ಹಿಂದೆ ಸರಿದು ನಿಂತಿತ್ತು.

ಟೈಟಾನಿಯಂ ದೇಹಕ್ಕೆ ಒಗ್ಗುವುದರ ಗುಟ್ಟು ಅದರ ಆಕ್ಸೈಡಿನಲ್ಲಿದೆ. ಶುದ್ಧ ಟೈಟಾನಿಯಂ ವಾಸ್ತವವಾಗಿ ಬಹಳ ಚುರುಕಾಗಿ ಪ್ರತಿಕ್ರಿಯಿಸುವ ಲೋಹ. ಗಾಳಿಗೆ ಒಡ್ಡಿದ ಕ್ಷಣವೇ ಅದರ ಮೈಮೇಲೆ ಆಮ್ಲಜನಕದೊಡನೆ ಕೂಡಿದ ಟೈಟಾನಿಯಂ ಡೈಆಕ್ಸೈಡಿನ ಪದರ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲನ್ನು ಬೆರಳೆಣಿಕೆಯಷ್ಟು ಸಲ ಪೇರಿಸಿದಷ್ಟು ತೆಳುವಾದ ಈ ಪದರ ಗೀರಿದರೆ ತಕ್ಷಣ ಮತ್ತೆ ಮೂಡುತ್ತದೆ, ಲಾಲಾರಸದಲ್ಲಾಗಲಿ ರಕ್ತದಲ್ಲಾಗಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಮೂಳೆಯ ಕೋಶಗಳು ಮುಟ್ಟುವುದು ಲೋಹವನ್ನಲ್ಲ, ಈ ಆಕ್ಸೈಡನ್ನು. ಅದಕ್ಕೆ ಅಂಜಿಕೆಯಿರುವುದು ಮುಖ್ಯವಾಗಿ ಆಮ್ಲೀಯ ಮಾಧ್ಯಮದಲ್ಲಿರುವ ಫ್ಲೋರೈಡಿಗೆ. ಫ್ಲೋರೈಡ್ ಮತ್ತು ಆಮ್ಲ ಎರಡೂ ಕೂಡಿದಾಗ ಉಂಟಾಗುವ ಹೈಡ್ರೋಫ್ಲೋರಿಕ್ ಆಮ್ಲ ಆಕ್ಸೈಡನ್ನು ಕರಗಿಸಬಲ್ಲದು. ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಆಮ್ಲೀಯ ಫ್ಲೋರೈಡ್ ಜೆಲ್ಲಿಗೆ ಬದಲು ತಟಸ್ಥ ಫ್ಲೋರೈಡನ್ನು ಸೂಚಿಸುವುದರ ಕಾರಣ ಇದೇ. ದಿನನಿತ್ಯದ ಟೂತ್‌ಪೇಸ್ಟಿಗೆ ಹೆದರಬೇಕಾಗಿಲ್ಲ.

ಲೋಹ ಮತ್ತು ಮೂಳೆಯ ಈ ನಂಟು ಬೆಳಕಿಗೆ ಬಂದದ್ದು ಹಲ್ಲಿನ ಹುಡುಕಾಟದಿಂದಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದ ಆರಂಭದಲ್ಲಿ ಮೂಳೆಯೊಳಗಿನ ರಕ್ತಸಂಚಾರವನ್ನು ಸೂಕ್ಷ್ಮದರ್ಶಕದಿಂದ ನೋಡಲೆಂದು ಮೊಲಗಳ ಕಾಲಿನ ಮೂಳೆಗೆ ಟೈಟಾನಿಯಂ ಹೊದಿಕೆಯ ಪುಟ್ಟ ವೀಕ್ಷಣಾ ಸಾಧನಗಳನ್ನು ಕೂರಿಸಿದ್ದರು. ಅಧ್ಯಯನ ಮುಗಿದ ಮೇಲೆ ಅವನ್ನು ಕಳಚಲು ಹೋದಾಗ ಮೂಳೆ ಅವನ್ನು ಬಿಟ್ಟುಕೊಡಲಿಲ್ಲ. ಮುಂದೆ ಗೋಥೆನ್‌ಬರ್ಗಿಗೆ ಬಂದ ಅವರು, ನಡುವೆ ಮೆದು ಅಂಗಾಂಶದ ಪದರವಿಲ್ಲದೆ ಜೀವಂತ ಮೂಳೆಯು ಇಂಪ್ಲಾಂಟಿನ ಮೈಗೆ ನೇರವಾಗಿ ಕೂಡಿಕೊಳ್ಳುವ ಈ ವಿದ್ಯಮಾನಕ್ಕೆ ಆಸಿಯೋಇಂಟಿಗ್ರೇಷನ್ ಎಂಬ ಹೆಸರು ಕೊಟ್ಟರು, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. ಆ ರೋಗಿ ನಾಲ್ಕು ದಶಕಗಳ ನಂತರ ತೀರಿಕೊಂಡಾಗಲೂ ಅವರ ಬಾಯಲ್ಲಿ ಆ ಇಂಪ್ಲಾಂಟುಗಳು ಕೆಲಸ ಮಾಡುತ್ತಿದ್ದವು.

ಆ ತಿರುಪುಗಳಿಗೆ ಯಾವ ವಿಶೇಷ ಸಂಸ್ಕರಣೆಯೂ ಇರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಅವು ಲೇತ್ ಯಂತ್ರದಲ್ಲಿ ಕಡೆದು ತೆಗೆದವು. ಕಡೆಯುವ ಉಳಿ ಬಿಟ್ಟ ನವಿರಾದ ಗೆರೆಗಳಷ್ಟೇ ಅವುಗಳ ಮೈಮೇಲಿದ್ದವು. ಗೋಥೆನ್‌ಬರ್ಗಿನ ತಂಡ 1981ರಲ್ಲಿ ಪ್ರಕಟಿಸಿದ ಹದಿನೈದು ವರ್ಷಗಳ ಅನುಭವದ ವರದಿಯಲ್ಲಿ, ವಿಧಾನವು ಒಂದು ಹದಕ್ಕೆ ಬಂದ ನಂತರ 130 ದವಡೆಗಳಿಗೆ ಕೂರಿಸಿ ಐದರಿಂದ ಒಂಬತ್ತು ವರ್ಷ ಗಮನಿಸಿದ 895 ಇಂಪ್ಲಾಂಟುಗಳಲ್ಲಿ ಮೇಲ್ದವಡೆಯ ಶೇ 81ರಷ್ಟು, ಕೆಳದವಡೆಯ ಶೇ 91ರಷ್ಟು ಅಲುಗದೆ ಉಳಿದಿದ್ದವು. ಮೊದಲ ವರ್ಷದಲ್ಲಿ ಸರಾಸರಿ 1.5 ಮಿಲಿಮೀಟರ್ ಮೂಳೆ ಸವೆದು, ಆಮೇಲೆ ವರ್ಷಕ್ಕೆ 0.1 ಮಿಲಿಮೀಟರ್ ಮಾತ್ರ ಕಡಿಮೆಯಾಗಿತ್ತು. ಹಾಗಾದರೆ ಈ ಮೈಯನ್ನು ಬದಲಿಸುವ ಅಗತ್ಯವಾದರೂ ಏನಿತ್ತು ಎಂಬ ಪ್ರಶ್ನೆ ಏಳುತ್ತದೆ. ಕೆಳದವಡೆಯ ಮುಂಭಾಗದ ಗಟ್ಟಿ ಮೂಳೆಯಲ್ಲಿ ಚೆನ್ನಾಗಿ ನಿಲ್ಲುತ್ತಿದ್ದ ಕಡೆದ ತಿರುಪು ಮೇಲ್ದವಡೆಯ ಹಿಂಭಾಗದ ಟೊಳ್ಳು ಮೂಳೆಯಲ್ಲಿ, ಅದರಲ್ಲೂ ಉದ್ದ ಕಡಿಮೆಯಿದ್ದಾಗ, ಹೆಚ್ಚಾಗಿ ಸೋಲುತ್ತಿತ್ತು. ಅಲ್ಲದೆ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಅದನ್ನು ಒಸಡಿನಡಿ ಮುಚ್ಚಿಟ್ಟು ಕಾಯಬೇಕಿತ್ತು. ಮೈಸಂಸ್ಕರಣೆ ಹುಟ್ಟಿಕೊಂಡದ್ದು ಈ ಎರಡು ತೊಡಕುಗಳಿಗೆ ಪರಿಹಾರವಾಗಿ, ಮೊದಲ ಕೆಲವು ತಿಂಗಳ ಸಮಸ್ಯೆಗೆ ಮದ್ದಾಗಿ. ಹತ್ತಿಪ್ಪತ್ತು ವರ್ಷಗಳ ಬಾಳಿಕೆ ಅದರ ಮೂಲ ಗುರಿಯಾಗಿರಲಿಲ್ಲ.

ಆ ಮೊದಲ ವಾರಗಳಲ್ಲಿ ಲೋಹ ಮತ್ತು ಮೂಳೆಯ ನಡುವೆ ನಡೆಯುವುದನ್ನು ತುಸು ಹತ್ತಿರದಿಂದ ನೋಡಿದರೆ ಒರಟು ಮೈಯ ಉಪಯೋಗ ಅರ್ಥವಾಗುತ್ತದೆ. ವೈದ್ಯರು ಮೂಳೆಯಲ್ಲಿ ಕೊರೆದ ರಂಧ್ರಕ್ಕೆ ತಿರುಪನ್ನು ಬಿಗಿಯಾಗಿ ತಿರುಗಿಸಿದಾಗ ಅದು ನಿಲ್ಲುವುದು ಕೇವಲ ಯಾಂತ್ರಿಕ ಬಿಗಿತದಿಂದ. ಇದನ್ನು ಪ್ರಾಥಮಿಕ ಸ್ಥಿರತೆ ಎನ್ನುತ್ತಾರೆ. ಗಾಯದ ಮೂಳೆಯನ್ನು ದೇಹ ಕರಗಿಸಿ ಹೊಸದಾಗಿ ಕಟ್ಟತೊಡಗುವುದರಿಂದ ಈ ಬಿಗಿತ ದಿನಗಳೆದಂತೆ ಸಡಿಲವಾಗುತ್ತದೆ, ಹೊಸ ಮೂಳೆಯಿಂದ ಬರುವ ಎರಡನೆಯ ಬಗೆಯ ಸ್ಥಿರತೆ ನಿಧಾನವಾಗಿ ಏರುತ್ತದೆ, ಮೊದಲನೆಯದು ಇಳಿದು ಎರಡನೆಯದು ಇನ್ನೂ ಬಲಿಯದ ಮೂರನೆಯ, ನಾಲ್ಕನೆಯ ವಾರದ ಆಸುಪಾಸಿನಲ್ಲಿ ಇಂಪ್ಲಾಂಟ್ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ. ಈ ತಗ್ಗನ್ನು ಆಳವಾಗದಂತೆ ತಡೆಯುವುದೇ ಒರಟು ಮೈಯ ಕೆಲಸ. ಗೋಡೆಗೆ ಗಾರೆ ಹಿಡಿಯಲೆಂದು ಮೇಸ್ತ್ರಿಗಳು ಕಚ್ಚು ಹೊಡೆಯುವುದಕ್ಕೆ ಇದನ್ನು ಹೋಲಿಸಬಹುದಾದರೂ ಹೋಲಿಕೆ ಅರ್ಧದಾರಿಗೇ ನಿಲ್ಲುತ್ತದೆ, ಏಕೆಂದರೆ ಇಲ್ಲಿ ಮೊದಲು ಕಚ್ಚಿಕೊಳ್ಳುವುದು ಮೂಳೆಯಲ್ಲ, ರಕ್ತ. ಲೋಹಕ್ಕೆ ತಾಗಿದ ರಕ್ತ ಹೆಪ್ಪುಗಟ್ಟಿದಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಉಂಟಾಗುತ್ತದೆ. ಮೂಳೆ ಕಟ್ಟುವ ಕೋಶಗಳಾಗಬೇಕಾದವು ಆ ಎಳೆಗಳನ್ನು ಹಿಡಿದು ಜಗ್ಗುತ್ತಾ ಲೋಹದ ಕಡೆಗೆ ತೆವಳುತ್ತವೆ. ಮೈ ನುಣುಪಾಗಿದ್ದರೆ ಈ ಜಗ್ಗಾಟಕ್ಕೆ ಬಲೆ ಲೋಹದಿಂದ ಕಿತ್ತುಬರುತ್ತದೆ, ಕೋಶಗಳು ದಾರಿಯ ನಡುವೆಯೇ ನಿಂತು ಹಳೆಯ ಮೂಳೆಯ ಅಂಚಿನಿಂದ ಕಟ್ಟುವ ಕೆಲಸ ಆರಂಭವಾಗುತ್ತದೆ. ಮೈ ಒರಟಾಗಿದ್ದರೆ ಬಲೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಕೋಶಗಳು ಲೋಹದವರೆಗೂ ಬಂದು ಅದರ ಮೈಮೇಲೆಯೇ ಮೊದಲ ಮೂಳೆಯ ಪದರವನ್ನು ಸುರಿಸುತ್ತವೆ. ಮೊದಲನೆಯದರಲ್ಲಿ ಮೂಳೆ ದೂರದಿಂದ ಇಂಪ್ಲಾಂಟಿನತ್ತ ಬೆಳೆದು ಬರಬೇಕು; ಎರಡನೆಯದರಲ್ಲಿ ಎರಡೂ ಕಡೆಯಿಂದ ಬೆಳೆದು ನಡುವೆ ಸೇರುತ್ತದೆ. ಕಾಯುವ ಸಮಯ ಕಡಿಮೆಯಾಗುವುದು ಹೀಗೆ.

ಒರಟು ಮೈಯ ಚರಿತ್ರೆಗೆ ಸ್ವೀಡನ್ನಿನಷ್ಟೇ ಮುಖ್ಯವಾದ ಇನ್ನೊಂದು ನೆಲೆ ಸ್ವಿಟ್ಜರ್ಲೆಂಡಿನ ಬರ್ನ್. ಅಲ್ಲಿನ ವಿಶ್ವವಿದ್ಯಾಲಯದ ಆಂಡ್ರೆ ಶ್ರೋಡರ್ ಅವರು ಸ್ಟ್ರೌಮಾನ್ ಸಂಸ್ಥೆಯೊಡನೆ ಸೇರಿ 1970ರ ದಶಕದಲ್ಲಿ ಬಳಕೆಗೆ ತಂದ ಇಂಪ್ಲಾಂಟುಗಳಿಗೆ ಟೈಟಾನಿಯಂ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಎರಚಿದ ಲೇಪವಿರುತ್ತಿತ್ತು. ಕರಗಿದ ಹನಿಗಳು ಒಂದರ ಮೇಲೊಂದು ಬಿದ್ದು ಹೆಪ್ಪುಗಟ್ಟಿದ ಆ ಮೈ ಬಹಳ ಒರಟಾಗಿತ್ತು, ಕೂರಿಸುವಾಗ ಅದರ ಕಣಗಳು ಕಳಚಿಕೊಳ್ಳುವ ಸಂಭವವೂ ಇತ್ತು. ಇದಕ್ಕೆ ಬದಲು ಹುಡುಕುತ್ತ ಡೇನಿಯಲ್ ಬೂಸರ್ ಮತ್ತು ಸಹೋದ್ಯೋಗಿಗಳು ಪುಟ್ಟ ತಳಿಯ ಹಂದಿಗಳ ಕಾಲಿನ ಮೂಳೆಗಳಲ್ಲಿ ಬೇರೆ ಬೇರೆ ಮೈಗಳ ಇಂಪ್ಲಾಂಟುಗಳನ್ನು ಕೂರಿಸಿ, ಲೋಹದ ಮೈಯಲ್ಲಿ ಎಷ್ಟು ಪಾಲಿಗೆ ಮೂಳೆ ನೇರವಾಗಿ ತಾಗಿದೆ ಎಂಬುದನ್ನು ಅಳೆದು 1991ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ವಿದ್ಯುತ್‌ರಾಸಾಯನಿಕವಾಗಿ ನುಣುಪುಗೊಳಿಸಿದ ಮೈಯಲ್ಲಿ ಈ ಪ್ರಮಾಣ ಶೇ 20ರಿಂದ 25ರಷ್ಟಿತ್ತು. ಪ್ಲಾಸ್ಮಾ ಲೇಪದಲ್ಲಿ ಶೇ 30ರಿಂದ 40. ದಪ್ಪ ಹರಳುಗಳನ್ನೆರಚಿ ಆಮ್ಲದಲ್ಲಿ ಕೊರೆದ ಮೈಯಲ್ಲಿ ಶೇ 50ರಿಂದ 60. ಎಲ್ಲಕ್ಕಿಂತ ಹೆಚ್ಚು, ಶೇ 60ರಿಂದ 70ರಷ್ಟು ಮೂಳೆ ತಾಗಿದ್ದು ಹೈಡ್ರಾಕ್ಸಿಅಪಟೈಟ್ ಲೇಪದ ಮೇಲೆ. ಆದರೆ ಆ ಲೇಪ ಕರಗಿಹೋಗುತ್ತಿರುವ ಕುರುಹುಗಳೂ ಅಲ್ಲೇ ಕಂಡಿದ್ದವು.

ಹೈಡ್ರಾಕ್ಸಿಅಪಟೈಟ್ ಎಂಬುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಖನಿಜ, ಮೂಳೆ ಮತ್ತು ಹಲ್ಲುಗಳ ಗಟ್ಟಿ ಭಾಗ ಆಗಿರುವುದೂ ಅದರಿಂದಲೇ. ದೇಹಕ್ಕೆ ಅದರದೇ ವಸ್ತುವನ್ನು ಒದಗಿಸಿದರೆ ಬೆಸುಗೆ ಸುಲಭವಾದೀತೆಂಬ ತರ್ಕ ಸೊಗಸಾಗಿತ್ತು, 1980ರ ದಶಕದಲ್ಲಿ ಈ ಲೇಪದ ಇಂಪ್ಲಾಂಟುಗಳು ಜನಪ್ರಿಯವೂ ಆದವು. ಆದರೆ ಪ್ಲಾಸ್ಮಾ ಜ್ವಾಲೆಯ ಕಾವಿಗೆ ಖನಿಜದ ಒಂದಂಶ ಹರಳಿನ ರಚನೆ ಕಳೆದುಕೊಂಡು, ದೇಹದ್ರವದಲ್ಲಿ ಬೇಗ ಕರಗುವ ರೂಪಕ್ಕೆ ತಿರುಗುತ್ತದೆ. ಹತ್ತಾರು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪದ ಲೇಪಕ್ಕೂ ಅಡಿಯ ಲೋಹಕ್ಕೂ ನಡುವಿನ ಅಂಟು ಹಲವು ಸಲ ಮೂಳೆಗೂ ಲೇಪಕ್ಕೂ ನಡುವಿನ ಅಂಟಿಗಿಂತ ದುರ್ಬಲವಾಗಿರುತ್ತದೆ. ಮೊದಲ ವರ್ಷಗಳ ಫಲಿತಾಂಶ ಬಹಳ ಚೆನ್ನಾಗಿದ್ದ ಈ ಇಂಪ್ಲಾಂಟುಗಳಲ್ಲಿ ವರ್ಷಗಳ ನಂತರ ಲೇಪ ಸುಲಿದು ಮೂಳೆ ಕರಗಿದ ವರದಿಗಳು ಬರತೊಡಗಿ, ವೈದ್ಯರ ವಿಶ್ವಾಸ ಕುಸಿಯಿತು. ಮೂಳೆಯನ್ನು ಅತಿ ಬೇಗ ಹಿಡಿದ ಮೈ ಬಾಳಿಕೆಯಲ್ಲಿ ಹಿಂದೆ ಬಿದ್ದ ಮೊದಲ ದೊಡ್ಡ ನಿದರ್ಶನ ಇದು. ಆದರೆ ದೋಷವನ್ನು ಲೇಪದ ಮೇಲೆ ಹೊರಿಸಿ ಮುಂದೆ ಸಾಗಿದ ಸಂಶೋಧನೆ, ಬೇಗ ಹಿಡಿಯುವುದಕ್ಕೂ ಬಾಳುವುದಕ್ಕೂ ಇರುವ ಸಂಬಂಧವನ್ನೇ ಪ್ರಶ್ನಿಸುವ ಗೋಜಿಗೆ ಹೋಗಲಿಲ್ಲ.

ಅದಾದ ಮೇಲೆ ಒಲವು ಸೇರಿಸುವ ವಿಧಾನಗಳಿಂದ ಕಳೆಯುವ ವಿಧಾನಗಳತ್ತ, ಅಂದರೆ ಹೊರಗಿನಿಂದ ಲೇಪ ಹಚ್ಚುವುದರಿಂದ ಲೋಹವನ್ನೇ ಕೊರೆಯುವುದರತ್ತ ಹೊರಳಿತು. 1990ರ ದಶಕದ ಕೊನೆಯಲ್ಲಿ ಸ್ಟ್ರೌಮಾನ್ ಮಾರುಕಟ್ಟೆಗೆ ತಂದ ಎಸ್‌ಎಲ್‌ಎ ಎಂಬ ಮೈ ಇವುಗಳಲ್ಲಿ ಹೆಚ್ಚು ಅನುಕರಣೆಗೆ ಒಳಗಾದದ್ದು. ಭಾರತದಲ್ಲಿ ಇಂದು ಬಳಕೆಯಲ್ಲಿರುವ ಕೊರಿಯಾ, ಇಸ್ರೇಲ್ ಮುಂತಾದ ದೇಶಗಳ ಹಲವು ಇಂಪ್ಲಾಂಟುಗಳ ಮೈಯೂ ಇದೇ ಸೂತ್ರದ ರೂಪಾಂತರ. ಇದರಲ್ಲಿ ಮೊದಲು ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರ್ ಗಾತ್ರದ ಕುರುಂದದ, ಅಂದರೆ ಗಡುಸಾದ ಅಲ್ಯುಮಿನಿಯಂ ಆಕ್ಸೈಡಿನ ಹರಳುಗಳನ್ನು ಒತ್ತಡದ ಗಾಳಿಯಿಂದ ಲೋಹಕ್ಕೆ ಎರಚುತ್ತಾರೆ. ಅದರಿಂದ ಇಪ್ಪತ್ತರಿಂದ ನಲವತ್ತು ಮೈಕ್ರಾನ್ ಅಗಲದ ಗುಂಡಿಗಳು ಬೀಳುತ್ತವೆ. ಆಮೇಲೆ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಬಿಸಿ ಮಿಶ್ರಣದಲ್ಲಿ ಅದ್ದಿದಾಗ ಆ ಗುಂಡಿಗಳ ಒಳಗೆಲ್ಲ ಒಂದರಿಂದ ಮೂರು ಮೈಕ್ರಾನ್ ಅಗಲದ ಕುಳಿಗಳು ಮೂಡುತ್ತವೆ, ಲೋಹಕ್ಕೆ ನಾಟಿಕೊಂಡ ಹರಳಿನ ಚೂರುಗಳೂ ಬಹುಮಟ್ಟಿಗೆ ತೊಳೆದುಹೋಗುತ್ತವೆ. ಮೂಳೆ ಕಟ್ಟುವ ಒಂದು ಕೋಶ ಇಪ್ಪತ್ತು, ಮೂವತ್ತು ಮೈಕ್ರಾನ್ ಹರಡಿಕೊಳ್ಳುವುದರಿಂದ ದೊಡ್ಡ ಗುಂಡಿ ಅದರ ಅಳತೆಗೆ ಹೊಂದುತ್ತದೆ, ಸಣ್ಣ ಕುಳಿಗಳು ಫೈಬ್ರಿನ್ ಎಳೆಗಳಿಗೂ ಕೋಶದ ಚಾಚುಗಳಿಗೂ ಹಿಡಿತ ಒದಗಿಸುತ್ತವೆ. ಬಾಯಿಯ ಬ್ಯಾಕ್ಟೀರಿಯಾದ ಗಾತ್ರ ಸುಮಾರು ಒಂದು ಮೈಕ್ರಾನ್ ಎಂಬುದನ್ನೂ ಇಲ್ಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಎಷ್ಟು ಒರಟು ಸಾಕು ಎಂಬುದನ್ನು ಅಳತೆಗೆ ತಂದವರು ಗೋಥೆನ್‌ಬರ್ಗಿನ ಆನ್ ವೆನ್ನರ್‌ಬರ್ಗ್ ಮತ್ತು ಟೊಮಾಸ್ ಆಲ್ಬ್ರೆಕ್ಟ್ಸನ್. ಮೈಯ ಏರುತಗ್ಗುಗಳ ಸರಾಸರಿ ಎತ್ತರವನ್ನು ಎಸ್‌ಎ ಎಂಬ ಮಾನದಿಂದ ಅಳೆದು, ಅರ್ಧ ಮೈಕ್ರಾನಿಗಿಂತ ಕಡಿಮೆಯಿದ್ದರೆ ನುಣುಪು, ಅರ್ಧದಿಂದ ಒಂದರವರೆಗೆ ಅಲ್ಪ ಒರಟು, ಒಂದರಿಂದ ಎರಡರವರೆಗೆ ಮಧ್ಯಮ ಒರಟು, ಎರಡಕ್ಕಿಂತ ಹೆಚ್ಚಿದ್ದರೆ ಒರಟು ಎಂದು ವರ್ಗ ಮಾಡಿದರು; ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸುಮಾರು ಒಂದೂವರೆ ಮೈಕ್ರಾನಿನ ಮಧ್ಯಮ ಒರಟಿಗೆ ಮೂಳೆಯ ಸ್ಪಂದನೆ ಹೆಚ್ಚು ಬಲವಾಗಿತ್ತು. ಬ್ರೋನೆಮಾರ್ಕ್ ಅವರ ಕಡೆದ ತಿರುಪು ಈ ಲೆಕ್ಕದಲ್ಲಿ ಅಲ್ಪ ಒರಟಿನ ವರ್ಗಕ್ಕೆ ಸೇರಿದರೆ, ಹಳೆಯ ಪ್ಲಾಸ್ಮಾ ಲೇಪ ಎರಡರ ಗಡಿ ದಾಟುತ್ತದೆ, ಇಂದಿನ ಬಹುಪಾಲು ಇಂಪ್ಲಾಂಟುಗಳು ಮಧ್ಯದಲ್ಲಿವೆ. ಆನೋಡೀಕರಣ ಎಂಬ ಇನ್ನೊಂದು ಹಾದಿಯಲ್ಲಿ ಇಂಪ್ಲಾಂಟನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ, ನ್ಯಾನೋಮೀಟರುಗಳಲ್ಲಿದ್ದ ಆಕ್ಸೈಡನ್ನು ಹಲವು ಮೈಕ್ರಾನ್ ದಪ್ಪಕ್ಕೆ ಬೆಳೆಸಿ, ಜ್ವಾಲಾಮುಖಿಯ ಬಾಯಿಯ ಆಕಾರದ ರಂಧ್ರಗಳನ್ನು ಮೂಡಿಸುತ್ತಾರೆ; 2000ದ ಹೊತ್ತಿಗೆ ನೊಬೆಲ್ ಬಯೋಕೇರ್ ಸಂಸ್ಥೆ ತಂದ ಟೈಯುನೈಟ್ ಇದರ ಪ್ರಸಿದ್ಧ ಮಾದರಿ.

ಒರಟಿನ ಪೈಪೋಟಿ ಒಂದು ಹಂತ ಮುಟ್ಟಿದ ಮೇಲೆ ಗಮನ ಒದ್ದೆಯಾಗುವ ಗುಣದತ್ತ ಸರಿಯಿತು. ಹೊಸದಾಗಿ ಕೊರೆದ ಟೈಟಾನಿಯಂ ನೀರನ್ನು ಹೀರಿಕೊಳ್ಳುವಂತೆ ತನ್ನ ಮೈಮೇಲೆ ಹರಡಿಕೊಳ್ಳುತ್ತದೆ. ಆದರೆ ವಾತಾವರಣದ ಹೈಡ್ರೋಕಾರ್ಬನ್ನುಗಳು ಮೈಗೆ ಅಂಟುತ್ತ ಹೋದಂತೆ ಅದೇ ಲೋಹ ನೀರನ್ನು ದೂರ ತಳ್ಳತೊಡಗುತ್ತದೆ. ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಇಂಪ್ಲಾಂಟ್ ಹೀಗೆ ಹಳತಾಗುವುದನ್ನು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಕಹಿರೋ ಒಗಾವಾ ಅವರ ತಂಡ ವಿವರವಾಗಿ ಅಭ್ಯಾಸ ಮಾಡಿ, ಕೂರಿಸುವ ಮುನ್ನ ಅತಿನೇರಳೆ ಕಿರಣ ಹಾಯಿಸಿದರೆ ಆ ಗುಣ ಮರಳುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದೆ. ಎಸ್‌ಎಲ್‌ಎ ಮೈಯನ್ನು ಸಾರಜನಕದ ರಕ್ಷಣೆಯಲ್ಲಿ ತೊಳೆದು ಲವಣದ್ರಾವಣದಲ್ಲೇ ಇಟ್ಟು ಮಾರುವ, 2005ರ ಹೊತ್ತಿಗೆ ಬಂದ ಪರಿಷ್ಕೃತ ರೂಪದ ಉದ್ದೇಶವೂ ಇದೇ. ಆರರಿಂದ ಎಂಟು ವಾರಗಳ ಕಾಯುವಿಕೆಯನ್ನು ಮೂರು, ನಾಲ್ಕು ವಾರಕ್ಕೆ ಇಳಿಸಬಹುದೆಂಬುದು ತಯಾರಕರ ಹೇಳಿಕೆ. ನಲವತ್ತು ವರ್ಷ ಇರಬೇಕಾದ ವಸ್ತುವಿನ ಮೇಲೆ ಇಷ್ಟು ಜಾಣ್ಮೆ ವ್ಯಯವಾದದ್ದು ಮೂರು ವಾರ ಉಳಿಸಲಿಕ್ಕೆ ಎಂದು ಯಾರಾದರೂ ಚುಚ್ಚಿ ಹೇಳಿದರೆ ಅದು ಪೂರ್ತಿ ನ್ಯಾಯವಾಗುವುದಿಲ್ಲ, ಟೊಳ್ಳು ಮೂಳೆಯ ರೋಗಿಗೆ ಆ ಮೂರು ವಾರಗಳೇ ಗೆಲುವು ಸೋಲಿನ ಗಡಿಯಾಗಬಹುದು. ಪೂರ್ತಿ ಅನ್ಯಾಯವೂ ಆಗುವುದಿಲ್ಲ.

ಒಮ್ಮೆ ಬೆಸೆದುಕೊಂಡ ಇಂಪ್ಲಾಂಟ್ ವರ್ಷಗಳ ನಂತರ ಸೋಲುವುದಕ್ಕೆ ಕಾರಣಗಳು ಬೇರೆ. ಅವುಗಳಲ್ಲಿ ಪ್ರಮುಖವಾದುದು ಪೆರಿ-ಇಂಪ್ಲಾಂಟೈಟಿಸ್, ಅಂದರೆ ಇಂಪ್ಲಾಂಟಿನ ಸುತ್ತಲಿನ ಒಸಡು ಸೋಂಕಿನಿಂದ ಉರಿಯೂತಕ್ಕೊಳಗಾಗಿ, ಅಡಿಯ ಮೂಳೆ ಕರಗುತ್ತ ಹೋಗುವ ರೋಗ. ಸಹಜ ಹಲ್ಲಿನ ಬೇರಿಗೆ ಒಸಡಿನ ನಾರುಗಳು ಅಡ್ಡಡ್ಡವಾಗಿ ಹೊಲಿದಂತೆ ಹೊಕ್ಕಿರುತ್ತವೆ. ಇಂಪ್ಲಾಂಟಿಗೆ ಹಾಗೆ ಹೊಗುವ ಪದರವಿಲ್ಲದ ಕಾರಣ ನಾರುಗಳು ಅದರ ಉದ್ದಕ್ಕೆ ಸಮಾನಾಂತರವಾಗಿ ಒರಗಿರುತ್ತವೆ, ಹಾಗಾಗಿ ಕೆಳಗಿಳಿಯುವ ಬ್ಯಾಕ್ಟೀರಿಯಾಗಳಿಗೆ ಅಡ್ಡಗಟ್ಟೆ ದುರ್ಬಲ. ಬ್ಯಾಕ್ಟೀರಿಯಾಗಳು ತಮ್ಮದೇ ಸ್ರವಿಕೆಯ ಲೋಳೆಯಲ್ಲಿ ಹುದುಗಿ ಕಟ್ಟುವ ಬಯೋಫಿಲ್ಮ್ ಎಂಬ ಪದರ ಒಮ್ಮೆ ಒರಟು ಮೈಯವರೆಗೆ ಇಳಿದು, ಅಲ್ಲಿನ ಮೂಳೆ ಹಿಂದೆ ಸರಿಯಿತೆಂದರೆ, ಮೂಳೆಗೆ ಹಿಡಿತ ಕೊಡಲೆಂದು ಕೊರೆದ ಒಂದರಿಂದ ಮೂರು ಮೈಕ್ರಾನಿನ ಕುಳಿಗಳು ಬ್ಯಾಕ್ಟೀರಿಯಾಗಳಿಗೆ ಅಳತೆಗೆ ತಕ್ಕ ಆಸರೆಯಾಗುತ್ತವೆ. ಬ್ರಶ್ಶಿನ ಎಳೆಗಾಗಲಿ ವೈದ್ಯರ ಉಪಕರಣದ ತುದಿಗಾಗಲಿ ಆ ಕುಳಿಗಳ ತಳ ಎಟುಕುವುದಿಲ್ಲ.

ಇದರ ಪರಿಣಾಮವನ್ನು ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಗೋಥೆನ್‌ಬರ್ಗಿನ ಸಂಶೋಧಕರೇ ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಇಂಪ್ಲಾಂಟಿನ ಕತ್ತಿಗೆ ದಾರ ಕಟ್ಟಿ ಕೊಳೆ ಸೇರುವಂತೆ ಮಾಡಿ, ಒಂದಿಷ್ಟು ಮೂಳೆ ಕರಗಿದ ಮೇಲೆ ದಾರವನ್ನು ಬಿಚ್ಚಿ, ಆನಂತರ ರೋಗ ತಾನಾಗಿ ಮುಂದುವರಿಯುತ್ತದೆಯೇ ಎಂದು ನೋಡುವುದು ಅವರ ಕ್ರಮ. ನುಣುಪು ಮೈಗೆ ಹೋಲಿಸಿದರೆ ಎರಚಿ ಕೊರೆದ ಮೈಯ ಸುತ್ತ, ಬೇರೊಂದು ಸರಣಿಯಲ್ಲಿ ಕಡೆದ ಮೈಗಿಂತ ಆನೋಡೀಕರಿಸಿದ ಮೈಯ ಸುತ್ತ ದಾರ ಬಿಚ್ಚಿದ ನಂತರದ ಮೂಳೆ ನಷ್ಟ ಹೆಚ್ಚಾಗಿತ್ತು. ಆದರೆ ದಾರ ಕಟ್ಟಿ ಬರಿಸಿದ ರೋಗ ಮನುಷ್ಯರಲ್ಲಿ ತಾನಾಗಿ ಬರುವ ರೋಗದ ಪ್ರತಿರೂಪವಲ್ಲ, ಅದನ್ನು ಹಾಗೇ ಬಾಯಿಗೆ ಅನ್ವಯಿಸಬಾರದು ಎಂಬ ಆಕ್ಷೇಪವನ್ನು ಆಲ್ಬ್ರೆಕ್ಟ್ಸನ್ ಮುಂತಾದವರು ಎತ್ತಿದ್ದಾರೆ. ಒಂದೇ ಊರಿನಿಂದ ಹೊರಟ ಈ ಎರಡು ವಾದಗಳ ನಡುವಿನ ವಾಗ್ವಾದ ಇನ್ನೂ ತಣ್ಣಗಾಗಿಲ್ಲ.

ಮನುಷ್ಯರ ದಾಖಲೆಗಳು ಎರಡೂ ಕಡೆಗೆ ಸಾಕ್ಷಿ ನುಡಿಯುತ್ತವೆ. ಬರ್ನಿನಲ್ಲಿ 303 ರೋಗಿಗಳಿಗೆ ಕೂರಿಸಿದ 511 ಎಸ್‌ಎಲ್‌ಎ ಇಂಪ್ಲಾಂಟುಗಳಲ್ಲಿ ಹತ್ತು ವರ್ಷಗಳ ನಂತರ ಶೇ 98.8ರಷ್ಟು ಬಾಯಲ್ಲಿ ಉಳಿದಿದ್ದವು, ಶೇ 97ರಷ್ಟು ಯಾವ ತೊಡಕೂ ಇಲ್ಲದೆ ಯಶಸ್ಸಿನ ಮಾನದಂಡ ಮುಟ್ಟಿದ್ದವು ಎಂದು 2012ರಲ್ಲಿ ವರದಿಯಾಯಿತು. ಇದನ್ನು 1981ರ ಶೇ 81, 91ರ ಪಕ್ಕದಲ್ಲಿಟ್ಟು ಹೊಸ ಮೈಯೇ ಬಾಳಿಕೆಯನ್ನು ಹೆಚ್ಚಿಸಿತು ಎನ್ನುವವರು ಬಹಳ. ಆದರೆ ಒಂದು ಕಡೆ ಹಲ್ಲೇ ಇಲ್ಲದ, ಮೂಳೆ ಸವೆದ ದವಡೆಗಳಿವೆ, ಇನ್ನೊಂದು ಕಡೆ ಕೆಲವೇ ಹಲ್ಲು ಕಳೆದುಕೊಂಡವರನ್ನು ಆಯ್ದು ನುರಿತ ಕೈಗಳು ಚಿಕಿತ್ಸೆ ಮಾಡಿದ ವಿಶ್ವವಿದ್ಯಾಲಯದ ಚಿಕಿತ್ಸಾಲಯವಿದೆ, ನಡುವೆ ಇಮೇಜಿಂಗ್, ಶಸ್ತ್ರಕ್ರಮ, ತಿರುಪಿನ ಆಕಾರ ಎಲ್ಲವೂ ಬದಲಾದ ಮೂವತ್ತು ವರ್ಷಗಳಿವೆ. ಮೈಯ ಪಾಲು ಎಷ್ಟು ಎಂದು ಈ ಎರಡು ಅಂಕಿಗಳಿಂದ ಬಿಡಿಸಿ ಹೇಳಲಾಗದು. ಆಯ್ದ ಚಿಕಿತ್ಸಾಲಯದ ಬದಲು ಸಾಮಾನ್ಯ ಜನಸಂಖ್ಯೆಯನ್ನು ತೆಗೆದುಕೊಂಡಾಗ ಚಿತ್ರ ಬದಲಾಗುವುದನ್ನು ಸ್ವೀಡನ್ನಿನಲ್ಲಿ ಯಾನ್ ಡೆರ್ಕ್ಸ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ತೋರಿಸಿದರು: ಚಿಕಿತ್ಸೆಯಾಗಿ ಒಂಬತ್ತು ವರ್ಷ ಕಳೆದ 427 ಜನರನ್ನು ಪರೀಕ್ಷಿಸಿದಾಗ ಶೇ 45ರಷ್ಟು ಮಂದಿಯಲ್ಲಿ ಯಾವುದಾದರೂ ಪ್ರಮಾಣದ ಪೆರಿ-ಇಂಪ್ಲಾಂಟೈಟಿಸ್ ಇತ್ತು, ಎರಡು ಮಿಲಿಮೀಟರಿಗಿಂತ ಹೆಚ್ಚು ಮೂಳೆ ಕರಗಿದ ಗಂಭೀರ ಸ್ವರೂಪ ಶೇ 14.5ರಷ್ಟು ಮಂದಿಯಲ್ಲಿ ಕಂಡಿತು. ಮೊದಲೇ ಒಸಡಿನ ರೋಗವಿದ್ದವರಲ್ಲಿ, ನಾಲ್ಕು ಅಥವಾ ಹೆಚ್ಚು ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಅಪಾಯ ಹೆಚ್ಚಾಗಿತ್ತು. ಬಾಯಲ್ಲಿ ಉಳಿದಿದೆ ಎಂಬುದಕ್ಕೂ ಆರೋಗ್ಯವಾಗಿದೆ ಎಂಬುದಕ್ಕೂ ಇರುವ ಈ ಅಂತರವನ್ನು ಉಳಿವಿನ ಶೇಕಡಾವಾರು ಮುಚ್ಚಿಡುತ್ತದೆ.

ಯಾದೃಚ್ಛಿಕವಾಗಿ ಗುಂಪು ಮಾಡಿ ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 38 ಬಗೆಯ ಇಂಪ್ಲಾಂಟುಗಳನ್ನು ಪರಿಶೀಲಿಸಿದ 2014ರ ಕಾಕ್ರೇನ್ ವಿಮರ್ಶೆ ಯಾವುದೊಂದು ಬಗೆಯೂ ದೀರ್ಘಕಾಲದಲ್ಲಿ ಉಳಿದವಕ್ಕಿಂತ ಮೇಲೆಂದು ಹೇಳಲು ಆಧಾರ ಸಾಲದು ಎಂದಿತು. ಕಡೆದ ಮೈಯವು ಆರಂಭದಲ್ಲಿ ಸೋಲುವ ಪ್ರವೃತ್ತಿ ತುಸು ಹೆಚ್ಚಿದ್ದರೂ ಮೂರು ವರ್ಷಗಳ ನಂತರ ಅವುಗಳಲ್ಲಿ ಪೆರಿ-ಇಂಪ್ಲಾಂಟೈಟಿಸ್ ತುಸು ಕಡಿಮೆ ಎಂಬುದಕ್ಕೆ ಸೀಮಿತ ಪುರಾವೆಯಿದೆ ಎಂದೂ ಸೇರಿಸಿತು. ಒರಟು ಮೈ ಬಾಗಿಲಲ್ಲಿ ಗಳಿಸಿದ್ದರಲ್ಲಿ ಒಂದು ಪಾಲನ್ನು ಹಿತ್ತಿಲಲ್ಲಿ ಕಳೆದುಕೊಳ್ಳುತ್ತದೆ ಎಂಬ ಅನುಮಾನಕ್ಕೆ ಇಷ್ಟು ಆಧಾರ ಸಾಕು; ಎಲ್ಲರೂ ನುಣುಪಿಗೆ ಮರಳಬೇಕು ಎನ್ನಲು ಸಾಲದು, ಏಕೆಂದರೆ ಮೊದಲ ಮೂರು ತಿಂಗಳಲ್ಲೇ ಕಳಚಿಬಿದ್ದ ಇಂಪ್ಲಾಂಟಿಗೆ ಹತ್ತನೆಯ ವರ್ಷದ ರೋಗದ ಚಿಂತೆ ಇರುವುದಿಲ್ಲ.

ವಿನ್ಯಾಸಕಾರರು ಕಂಡುಕೊಂಡ ನಡುದಾರಿ ಒಂದೇ ತಿರುಪಿಗೆ ಎರಡು ಮೈ ಕೊಡುವುದು. ಬರ್ನಿನ ಸಂಪ್ರದಾಯದ ಇಂಪ್ಲಾಂಟುಗಳಲ್ಲಿ ಒಸಡನ್ನು ಹಾಯುವ 1.8 ಅಥವಾ 2.8 ಮಿಲಿಮೀಟರ್ ಎತ್ತರದ ಕತ್ತು ಮೊದಲಿನಿಂದಲೂ ನುಣುಪಾಗಿಯೇ ಇದೆ, ಒರಟು ಶುರುವಾಗುವುದು ಅದರ ಕೆಳಗೆ; ಈಗ ಮೂಳೆಯ ಮಟ್ಟದಲ್ಲಿ ಕೂರುವ ತಿರುಪುಗಳಿಗೂ ಮೇಲಿನ ಕೆಲವು ಮಿಲಿಮೀಟರನ್ನು ಕಡೆದ ಮೈಯಾಗಿ ಬಿಟ್ಟು ಕೆಳಗಿನದನ್ನಷ್ಟೇ ಕೊರೆಯುವ ಮಿಶ್ರ ವಿನ್ಯಾಸಗಳು ಮತ್ತೆ ಬರುತ್ತಿವೆ. ಒಸಡಿನ ಮಟ್ಟದ ಅಬಟ್‌ಮೆಂಟಿನ ವಿಷಯದಲ್ಲಂತೂ ಗೊಂದಲವಿಲ್ಲ, ಒರಟುತನ 0.2 ಮೈಕ್ರಾನಿಗೆ ಇಳಿಯುವವರೆಗೆ ಕೊಳೆ ಸೇರುವುದು ಕಡಿಮೆಯಾಗುತ್ತದೆ, ಅದಕ್ಕಿಂತ ನುಣುಪು ಮಾಡಿದರೂ ಹೆಚ್ಚಿನ ಲಾಭವಿಲ್ಲ ಎಂಬುದು ಬೆಲ್ಜಿಯಂನ ಸಂಶೋಧಕರ ಕೆಲಸದಿಂದ 1990ರ ದಶಕದಲ್ಲೇ ತಿಳಿದಿದೆ. ಬೆಳ್ಳಿ, ಪ್ರತಿಜೀವಕ ಮುಂತಾದವನ್ನು ಹುದುಗಿಸಿದ ಬ್ಯಾಕ್ಟೀರಿಯಾ ನಿರೋಧಕ ಮೈಗಳ ಸಂಶೋಧನೆ ಜೋರಾಗಿದ್ದರೂ, ಹುದುಗಿಸಿದ ಔಷಧ ವಾರಗಳಲ್ಲೋ ತಿಂಗಳಲ್ಲೋ ಸೋರಿ ಮುಗಿಯುವಾಗ ರೋಗ ಬರುವುದು ವರ್ಷಗಳ ನಂತರ ಎಂಬ ಕಾಲದ ಹೊಂದಾಣಿಕೆಯಿಲ್ಲದಿರುವುದು ಅದರ ಮೂಲ ತೊಡಕು.

ರೋಗ ಬಂದಮೇಲೆ ಮೈಯ ಗುಣ ಚಿಕಿತ್ಸೆಯನ್ನೂ ಕಠಿಣಗೊಳಿಸುತ್ತದೆ. ಉಕ್ಕಿನ ಉಪಕರಣದಿಂದ ಕೆರೆದರೆ ಟೈಟಾನಿಯಂ ಗೀರಿಹೋಗುತ್ತದೆ, ಪ್ಲಾಸ್ಟಿಕ್ಕಿನದರಿಂದ ಕೆರೆದರೆ ಒರಟಿಗೆ ತಾಗಿ ಅದರ ಚೂರುಗಳೇ ಅಲ್ಲಿ ಉಳಿಯುತ್ತವೆ. ನವಿರಾದ ಪುಡಿಯನ್ನು ಗಾಳಿಯಿಂದ ಹಾಯಿಸಿ ತೊಳೆಯುವ ವಿಧಾನ ಇವೆರಡಕ್ಕಿಂತ ಮೇಲೆನಿಸಿದರೂ ಪೂರ್ತಿ ಶುಚಿಯಾಗುತ್ತದೆಂಬ ಭರವಸೆಯಿಲ್ಲ. ಮೂಳೆಯಿಂದ ಹೊರಬಿದ್ದ ಸುರುಳಿಗಳನ್ನು ಡ್ರಿಲ್ಲಿನಿಂದ ತೇಯ್ದು ನುಣುಪು ಮಾಡುವ ಇಂಪ್ಲಾಂಟೊಪ್ಲಾಸ್ಟಿ ಎಂಬ ಕ್ರಮವೂ ಉಂಟು. ಕಾರ್ಖಾನೆಯಲ್ಲಿ ಅಷ್ಟು ಶ್ರಮದಿಂದ ಕೊರೆದ ಮೈಯನ್ನು ವೈದ್ಯರು ವರ್ಷಗಳ ನಂತರ ಬಾಯೊಳಗೇ ಅಳಿಸುವ ಈ ಕೆಲಸದಲ್ಲಿ ಲೋಹದ ಕಣಗಳು ಸುತ್ತಲ ಅಂಗಾಂಶಕ್ಕೆ ಸಿಡಿಯುತ್ತವೆ, ತಿರುಪು ತೆಳುವಾಗಿ ಮುರಿಯುವ ಅಪಾಯವೂ ಇದೆ. ಇದೆಲ್ಲಕ್ಕಿಂತ ಅಗ್ಗವಾದದ್ದು ಹಲ್ಲುಗಳ ಸಂದಿಗೆ ಹೋಗುವ ಪುಟ್ಟ ಬ್ರಶ್ಶಿನಿಂದ ದಿನವೂ ಕ್ಯಾಪಿನ ಅಡಿಯನ್ನು ಉಜ್ಜುವುದು, ವೈದ್ಯರು ಹೇಳಿದ ಅವಧಿಗೆ ಹೋಗಿ ಶುಚಿ ಮಾಡಿಸುವುದು, ಧೂಮಪಾನ ಬಿಡುವುದು, ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡುವುದು, ಕ್ಯಾಪನ್ನು ಕೂಡ ಬ್ರಶ್ ಹೋಗುವಷ್ಟು ಸಂದು ಬಿಟ್ಟು ಮಾಡಿಸಿಕೊಳ್ಳುವುದು.

ಇಂಪ್ಲಾಂಟಿನ ಪೊಟ್ಟಣದೊಳಗೆ ತಯಾರಕರ ಹೆಸರು, ಮಾದರಿ, ಅಡ್ಡಳತೆ, ಉದ್ದ, ತಯಾರಿಕೆಯ ಬ್ಯಾಚ್ ಸಂಖ್ಯೆಗಳನ್ನು ಮುದ್ರಿಸಿದ, ಕಿತ್ತು ಅಂಟಿಸಬಹುದಾದ ಚೀಟಿಗಳಿರುತ್ತವೆ. ಒಂದನ್ನು ಚಿಕಿತ್ಸಾಲಯ ತನ್ನ ಕಡತಕ್ಕೆ ಅಂಟಿಸಿಕೊಳ್ಳುತ್ತದೆ, ಇನ್ನೊಂದನ್ನು ರೋಗಿ ಕೇಳಿ ಪಡೆಯಬಹುದು. ಎಕ್ಸ್‌ರೇಯಲ್ಲಿ ತಿರುಪಿನ ಆಕಾರ ಕಾಣುತ್ತದೆಯೇ ಹೊರತು ಅದರ ಮೈಗೆ ಕೊಟ್ಟ ಸಂಸ್ಕರಣೆ ಕಾಣುವುದಿಲ್ಲ. ಹತ್ತು, ಹದಿನೈದು ವರ್ಷಗಳ ನಂತರ ಬೇರೊಂದು ಊರಿನಲ್ಲಿ ಬೇರೊಬ್ಬ ವೈದ್ಯರು ಒಸಡನ್ನು ಬಿಡಿಸಿ ನೋಡುವ ಹೊತ್ತಿಗೆ, ಎದುರಿಗಿರುವುದು ಎಂಥ ಮೈ, ಅದನ್ನು ಹೇಗೆ ಶುಚಿ ಮಾಡಬೇಕು, ಅದರ ಅಬಟ್‌ಮೆಂಟನ್ನು ಕಳಚಲು ಯಾವ ಸ್ಕ್ರೂಡ್ರೈವರ್ ಬೇಕು ಎಂಬುದನ್ನು ತಿಳಿಸಲು ಆ ಚೀಟಿಯೊಂದೇ ಸಾಕಾಗುತ್ತದೆ.